ಕಣ್ಣು ನಾರ್ಮಲ್ ಅಂತ ಬರೆದ್ರೆ ಮುಗೀತಾ?

ಸಂಪಾದಕರಿಗೆ ನಮಸ್ಕಾರ,

ಸ್ಕೂಲ್ ಮಕ್ಕಳಿಗೆ ಕಣ್ಣು ಟೆಸ್ಟ್ ಮಾಡಿ ಫ್ರೀ ಕನ್ನಡಕ ಹಂಚಿದ ಸುದ್ದಿ ಪೇಪರ್‌ನಲ್ಲಿ ಆಗಾಗ ಬರ್ತಾನೇ ಇರುತ್ತೆ, ಫೋಟೋ ಸಮೇತ. ಒಳ್ಳೇ ಕೆಲಸಾನೇ, ಬೋರ್ಡ್ ಕಾಣದೆ ಹಿಂದಿನ ಬೆಂಚಲ್ಲಿ ಕೂತು ದಡ್ಡ ಅನ್ನಿಸ್ಕೊಂಡಿದ್ದ ಎಷ್ಟೋ ಮಕ್ಕಳಿಗೆ ಅದ್ರಿಂದ ಉಪಯೋಗ ಆಗಿದೆ. ಆದ್ರೆ ಆ ಫೋಟೋದಲ್ಲಿ ಯಾವತ್ತೂ ಬರದ ಮಕ್ಕಳ ಬಗ್ಗೆ ಬರೀಬೇಕು ಅನ್ನಿಸ್ತು. ನಾನು ತಾಲ್ಲೂಕಲ್ಲಿ ವಿಶೇಷ ಮಕ್ಕಳ ಮನೆಗೇ ಹೋಗಿ ಕಲಿಸೋ ಟೀಚರ್, ಗೃಹಾಧಾರಿತ ಶಿಕ್ಷಣ ಅಂತಾರಲ್ಲ ಅದು. ಸ್ಕೂಲಿಗೆ ಬರೋಕೆ ಆಗದ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದ್ರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರೋದು) ಇರೋ, ಫಿಟ್ಸ್ ಬರೋ, ಮಾತು ಬರದ ಮಕ್ಕಳು. ಇವರ ಫೈಲ್ ತೆಗೆದ್ರೆ ಎಂಆರ್‌ಐ ಇರುತ್ತೆ, ಇಇಜಿ ಇರುತ್ತೆ, ಫಿಸಿಯೋಥೆರಪಿ ಚೀಟಿಗಳ ಕಂತೆ ಇರುತ್ತೆ, ಕಣ್ಣಿನ ಬಗ್ಗೆ ಮಾತ್ರ ಒಂದೇ ಸಾಲು. ಒಂದೋ ಕಣ್ಣು ನಾರ್ಮಲ್ ಅಂತ, ಇಲ್ಲಾಂದ್ರೆ ಮಗು ಸಹಕರಿಸಲಿಲ್ಲ ಅಂತ.

ಸಹಕರಿಸಲಿಲ್ಲ ಅಂದ್ರೆ ಏನು ಸ್ವಾಮಿ? ಕತ್ತೇ ನಿಲ್ಲದ, ಮಾತೇ ಬರದ ಮೂರು ವರ್ಷದ ಮಗು ಗೋಡೆ ಮೇಲಿನ ಅಕ್ಷರ ಓದಿ ಹೇಳಬೇಕಿತ್ತಾ?

ಈ ಮಕ್ಕಳಲ್ಲಿ ಸುಮಾರು ಜನಕ್ಕೆ ತೊಂದ್ರೆ ಕಣ್ಣುಗುಡ್ಡೆಲಿ ಇರೋದೇ ಇಲ್ಲ. ಡಿಶ್ ಆಂಟೆನಾ ಸರಿಯಾಗೇ ಇದೆ, ಸಿಗ್ನಲ್ಲೂ ಬರ್ತಿದೆ, ಒಳಗಿನ ಸೆಟ್‌ಟಾಪ್ ಬಾಕ್ಸ್ ಕೆಟ್ಟಿದೆ ಅಂದ್ಕೊಳ್ಳಿ, ಆಗ ಮಹಡಿ ಮೇಲೆ ಹತ್ತಿ ಡಿಶ್ ನೋಡಿ ಎಲ್ಲಾ ಸರಿಯಿದೆ ಅಂತ ಇಳಿದು ಬಂದ್ರೆ ಚಿತ್ರ ಬರುತ್ತಾ? ಇದಕ್ಕೆ ಸೆರೆಬ್ರಲ್ ವಿಷುಯಲ್ ಇಂಪೇರ್‌ಮೆಂಟ್ ಅಂತಾರೆ, ಡಾಕ್ಟರ್‌ಗಳು ಸಿವಿಐ ಅಂತಾರೆ. ನೋಡಿದ್ದನ್ನ ಅರ್ಥ ಮಾಡ್ಕೊಳ್ಳೋ ಮೆದುಳಿನ ಭಾಗಕ್ಕೆ ಅಥವಾ ಅಲ್ಲಿಗೆ ಹೋಗೋ ನರದ ದಾರಿಗೆ ಏಟು ಬಿದ್ದಿರುತ್ತೆ. ಹುಟ್ಟಿದ ತಕ್ಷಣ ಅಳಲಿಲ್ಲ, ಆಕ್ಸಿಜನ್ ಕಮ್ಮಿ ಆಯ್ತು ಅಂತಾರಲ್ಲ ಅಂಥ ಮಕ್ಕಳು, ತಿಂಗಳು ತುಂಬದೆ ಹುಟ್ಟಿದವು, ಮೆದುಳು ಜ್ವರ ಬಂದವು, ತಲೇಲಿ ನೀರು ತುಂಬಿದವು. ಇನ್ನೊಂದು ಕಾರಣಾನ ನಮ್ಮ ಕಡೆ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ, ಹುಟ್ಟಿದ ಮೊದಲ ಎರಡು ಮೂರು ದಿನ ಹಾಲು ಸರಿಯಾಗಿ ಸಿಗದೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದುಹೋಗೋದು. ಆ ಏಟು ಹೆಚ್ಚಾಗಿ ಬೀಳೋದು ಮೆದುಳಿನ ಹಿಂಭಾಗಕ್ಕೆ, ನೋಟದ ಕೆಲಸ ನಡೆಯೋದೂ ಅಲ್ಲೇ. ಮುಂದುವರಿದ ದೇಶಗಳಲ್ಲಿ ಮಕ್ಕಳ ದೃಷ್ಟಿದೋಷಕ್ಕೆ ಮೊದಲನೇ ಕಾರಣಾನೇ ಈಗ ಸಿವಿಐ. ನಮ್ಮಲ್ಲೂ ಎನ್‌ಐಸಿಯು (ಹುಸಿರು ಕೂಸುಗಳ ತೀವ್ರ ನಿಗಾ ಘಟಕ) ಹೆಚ್ಚಾದ ಹಾಗೆ, ಮುಂಚೆ ಉಳೀದೇ ಹೋಗ್ತಿದ್ದ ಮಕ್ಕಳು ಉಳೀತಿರೋದ್ರಿಂದ, ಇಂಥವರ ಸಂಖ್ಯೆ ಜಾಸ್ತಿನೇ ಆಗುತ್ತೆ.

ಮನೆಯವರಿಗೆ ಗೊಂದಲ ಆಗೋದು ಎಲ್ಲಿ ಅಂದ್ರೆ, ಇದು ಪೂರ್ತಿ ಕುರುಡಲ್ಲ. ಒಂದು ಮಗು ತಟ್ಟೇಲಿರೋ ಇಡ್ಲಿ ನೋಡಲ್ಲ, ಆದ್ರೆ ಅಂಗಳದಲ್ಲಿ ಓಡೋ ಕೋಳಿ ಕಡೆ ಟಕ್ಕಂತ ತಿರುಗುತ್ತೆ. ಅಜ್ಜಿ ಹೇಳ್ತಾರೆ, "ಕಾಣುತ್ತೆ ಕಣಮ್ಮ ಇವನಿಗೆ, ಎಲ್ಲಾ ನಾಟಕ". ನಾಟಕ ಅಲ್ಲ. ನಿಂತ ವಸ್ತು ಕಾಣದೆ ಚಲಿಸೋದು ಮಾತ್ರ ಕಾಣೋದನ್ನ ಮೊದಲನೇ ಮಹಾಯುದ್ಧದಲ್ಲಿ ತಲೆ ಹಿಂದೆ ಗುಂಡೇಟು ಬಿದ್ದ ಸೈನಿಕರಲ್ಲಿ ಜಾರ್ಜ್ ರಿಡಾಕ್ ಅನ್ನೋ ಡಾಕ್ಟರ್ 1917ರಲ್ಲೇ ಬರೆದಿಟ್ಟಿದ್ದಾರೆ, ನೂರು ವರ್ಷ ದಾಟಿದ ವಿಷಯ ಇದು. ಹಾಗೇ ಕೆಲವು ಮಕ್ಕಳಿಗೆ ಕೆಂಪು ಹಳದಿ ವಸ್ತು ಬೇಗ ಗೊತ್ತಾಗುತ್ತೆ, ಬಾಕಿದು ಗೊತ್ತಾಗಲ್ಲ. ಕೆಲವರು ಟ್ಯೂಬ್‌ಲೈಟನ್ನೇ ದಿಟ್ಟಿಸ್ತಾ ಕೂರ್ತಾರೆ. ಆಟದ ಸಾಮಾನು ಹಿಡಿಯೋಕೆ ಕೈ ಚಾಚೋವಾಗ ಮುಖ ಬೇರೆ ಕಡೆ ತಿರುಗಿಸ್ತಾರೆ, ಯಾಕಂದ್ರೆ ನೋಡೋದು ಮತ್ತು ಕೈ ಚಾಚೋದು ಎರಡೂ ಒಟ್ಟಿಗೆ ಮಾಡೋಕೆ ಆ ಮೆದುಳಿಗೆ ಆಗ್ತಿಲ್ಲ. ಅಮ್ಮ ದೊಡ್ಡ ದೊಡ್ಡ ಹೂವಿನ ನೈಟಿ ಹಾಕ್ಕೊಂಡು ಎದುರು ಕೂತು ಚಮಚ ಹಿಡಿದ್ರೆ ಚಮಚ ಆ ಹೂವುಗಳಲ್ಲಿ ಕಳೆದುಹೋಗುತ್ತೆ. ಬೆಳಿಗ್ಗೆ ನೋಡಿದ್ದನ್ನ ಸಂಜೆ ಸುಸ್ತಾದಾಗ ನೋಡಲ್ಲ, ಫಿಟ್ಸ್ ಬಂದ ದಿನ ಅಂತೂ ಏನೂ ಇಲ್ಲ.

ಓಡಾಡೋ ಮಕ್ಕಳಲ್ಲೂ ಇದು ಇರುತ್ತೆ, ಅದನ್ನ ಹಿಡಿಯೋದು ಇನ್ನೂ ಕಷ್ಟ. ತಿಂಗಳು ತುಂಬದೆ ಹುಟ್ಟಿದ ಕೆಲವು ಮಕ್ಕಳಿಗೆ ನೋಟದ ಕೆಳಭಾಗ ಕಾಣಲ್ಲ, ಮೆಟ್ಟಿಲು ಇಳಿಯೋವಾಗ ಮುಗ್ಗರಿಸ್ತಾರೆ, ಹೊಸಿಲು ಎಡವ್ತಾರೆ, ತಟ್ಟೆಯ ಈಚೆ ಕಡೆ ಇರೋ ಪಲ್ಯ ಹಾಗೇ ಬಿಡ್ತಾರೆ. ಚಾರ್ಟ್ ಮುಂದೆ ನಿಲ್ಲಿಸಿದ್ರೆ 6/6, ಅಂದ್ರೆ ಮಾಮೂಲಿ ದೃಷ್ಟಿಯವರ ಸಾಲನ್ನೇ, ಓದಿಬಿಡ್ತಾರೆ! ಆದ್ರೆ ಜಾತ್ರೇಲಿ ಅಪ್ಪನ್ನ ಗುರುತು ಹಿಡಿಯೋಕಾಗಲ್ಲ, ತುಂಬಾ ಸಾಲಿರೋ ಪುಟದಲ್ಲಿ ಓದೋಕಾಗಲ್ಲ. ಸ್ಕೂಲಲ್ಲಿ ಇವರಿಗೆ ಸಿಗೋ ಹೆಸರು ಸೋಮಾರಿ. ಸ್ಕಾಟ್ಲೆಂಡಿನ ಗಾರ್ಡನ್ ಡಟನ್ ಅನ್ನೋ ಮಕ್ಕಳ ಕಣ್ಣಿನ ಡಾಕ್ಟರ್ ಇಂಥದ್ದಕ್ಕೆ ಅಂತಲೇ ಅಪ್ಪ ಅಮ್ಮಂಗೆ ಕೇಳೋ ಪ್ರಶ್ನೆಗಳ ಪಟ್ಟಿ ಮಾಡಿದ್ದಾರೆ. ಅಂಥ ಪ್ರಶ್ನೆ ಕೇಳೋಕೆ ಪೆನ್ನು ಪೇಪರ್ ಸಾಕು, ಲಕ್ಷಾಂತರ ರೂಪಾಯಿ ಮಷೀನ್ ಬೇಡ.

ಮಾತು ಬರದ ಮಗುಗೆ ಟೆಸ್ಟ್ ಮಾಡೋದು ಹೇಗೆ ಅಂತ ನೀವು ಕೇಳಬಹುದು, ಕೆಲವು ಆಸ್ಪತ್ರೆಲೂ ನನ್ನನ್ನೇ ಹಾಗೆ ಕೇಳಿದ್ದಾರೆ (ಅವರು ಕೇಳಿದ್ದು ಗೊತ್ತಿಲ್ಲದೆ ಅಲ್ಲ, ಸಾಗಹಾಕೋಕೆ ಅಂತ ನನ್ನ ಗುಮಾನಿ). ಮಕ್ಕಳು ಬರೀ ಬೂದು ಬಣ್ಣ ಬಿಟ್ಟು ಪಟ್ಟೆಪಟ್ಟೆ ಇರೋ ಕಡೆನೇ ನೋಡ್ತಾರೆ, ಎಳೆ ಕೂಸಾದ್ರೂ ಅಷ್ಟೆ. ಆ ಒಂದು ಸ್ವಭಾವದ ಮೇಲೆ ಟೆಲ್ಲರ್ ಕಾರ್ಡ್ ಅಂತ ಮಾಡಿದ್ದಾರೆ, ಪಟ್ಟೆ ಸಣ್ಣ ಮಾಡ್ತಾ ಹೋಗೋದು, ಮಗು ಕಣ್ಣು ಯಾವ ಕಡೆ ತಿರುಗುತ್ತೆ ನೋಡೋದು, ತಿರುಗೋದು ನಿಂತಲ್ಲಿಗೆ ಅಳತೆ ಸಿಗುತ್ತೆ. ಫಿನ್ಲೆಂಡಿನ ಲೀಯಾ ಹ್ಯುವರಿನೆನ್ ಅನ್ನೋ ಡಾಕ್ಟರ್ ಸೇಬು, ಮನೆ, ಚೌಕ, ವೃತ್ತ ಇರೋ ಚಾರ್ಟ್ ಮಾಡಿದ್ದಾರೆ, ಅಕ್ಷರ ಬರದ ಮಗು ಹೆಸರು ಹೇಳದಿದ್ರೂ ಕೈಲಿರೋ ಅದೇ ಚಿತ್ರದ ಮೇಲೆ ಬೆರಳಿಟ್ರೆ ಆಯ್ತು. ಮಸುಕು ಮುಖದ ಚಿತ್ರ ತೋರಿಸಿ ಕಾಂಟ್ರಾಸ್ಟ್, ಅಂದ್ರೆ ಮಸುಕಾಗಿರೋದು ಎಷ್ಟರ ಮಟ್ಟಿಗೆ ಕಾಣುತ್ತೆ ಅಂತ, ನೋಡ್ತಾರೆ. ಪಕ್ಕದಿಂದ, ಕೆಳಗಿಂದ ಒಂದು ಬೊಂಬೆ ತಂದು ಎಷ್ಟು ಹತ್ತಿರ ಬಂದಾಗ ಮಗು ತಿರುಗುತ್ತೆ ಅಂತ ನೋಡಿದ್ರೆ ನೋಟದ ಅಗಲ ಎಷ್ಟು ಅಂತ ಗೊತ್ತಾಗುತ್ತೆ. ಇದ್ಯಾವುದರಲ್ಲೂ ಗೊತ್ತಾಗದಿದ್ರೆ ತಲೆ ಹಿಂದೆ ವೈರ್ ಅಂಟಿಸಿ ವಿಇಪಿ ಅನ್ನೋ ಟೆಸ್ಟ್ ಮಾಡೋದು, ಕಣ್ಣಿಂದ ಹೋದ ಸಿಗ್ನಲ್ ಮೆದುಳಿಗೆ ತಲುಪ್ತಾ ಅಂತ ಅದು ಹೇಳುತ್ತೆ, ಆದ್ರೆ ತಲುಪಿದ ಮಾತ್ರಕ್ಕೆ ಮಗುಗೆ ಅರ್ಥ ಆಗ್ತಿದೆ ಅಂತ ಹೇಳೋಕಾಗಲ್ಲ, ಹಾಗಾಗಿ ಬರೀ ಆ ರಿಪೋರ್ಟ್ ಹಿಡ್ಕೊಂಡು ಕೂರೋದೂ ತಪ್ಪೇ.

ಇದಕ್ಕೆಲ್ಲ ಮುಂಚೆ ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ಪವರ್ ನೋಡಲೇಬೇಕು. ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್ ಇರೋ ತುಂಬಾ ಮಕ್ಕಳಿಗೆ ಹತ್ತಿರದ್ದನ್ನ ಫೋಕಸ್ ಮಾಡೋ ಶಕ್ತಿ ಕಮ್ಮಿ, ನಮಗೆ ನಲವತ್ತರ ಮೇಲೆ ಬರೋದು ಅವರಿಗೆ ನಾಲ್ಕು ವರ್ಷಕ್ಕೇ ಇರುತ್ತೆ. ಒಂದು ಬೈಫೋಕಲ್ ಕನ್ನಡಕ ಹಾಕಿದ್ರೆ ಪುಸ್ತಕ ನೋಡೋ ಮಗುನ ಬುದ್ಧಿಮಾಂದ್ಯ ಅಂತ ಕೂರಿಸಿಬಿಟ್ರೆ ಅದು ಯಾರ ಮಾಂದ್ಯ?

ನಾನು ಕಂಡಂತೆ ಕೊರತೆ ಇರೋದು ಟೈಮಿನದು. ಮುನ್ನೂರು ಜನ ಕಾಯೋ ಓಪಿಡಿಲಿ ಗಲಾಟೆ ಮಧ್ಯೆ ಟಾರ್ಚ್ ಬಿಟ್ಟು ನೋಡಿದ್ರೆ ಸಿವಿಐ ಇರೋ ಮಗು ಇದ್ದಬದ್ದ ನೋಟಾನೂ ಕಳ್ಕೊಳ್ಳುತ್ತೆ, ಸದ್ದು ಕೇಳಿದ್ರೆ ಅದಕ್ಕೆ ನೋಡೋಕಾಗಲ್ಲ. ಸದ್ದಿಲ್ಲದ ರೂಮು, ಹೊಟ್ಟೆ ತುಂಬಿದ ಮಗು, ಸರಿಯಾಗಿ ಆನಿಸಿ ಕೂರಿಸಿದ ಕತ್ತು, ಅರ್ಧ ಮುಕ್ಕಾಲು ಗಂಟೆ ಪುರಸೊತ್ತು ಇಷ್ಟು ಬೇಕು.

ಮಾಡೋಕೆ ಆಗಲ್ಲ ಅಂತೇನಿಲ್ಲ. ತಿಂಗಳು ತುಂಬದ ಮಕ್ಕಳ ರೆಟಿನಾ (ಕಣ್ಣಿನ ಒಳಗಿನ ಹಿಂಪರದೆ) ಕಾಯಿಲೆಗೆ ನಮ್ಮ ಕರ್ನಾಟಕದಲ್ಲೇ 2008ರಲ್ಲಿ ಕಿಡ್‌ರಾಪ್ ಅನ್ನೋ ಯೋಜನೆ ಶುರುವಾಯ್ತು, ಬೆಂಗಳೂರಿನ ನಾರಾಯಣ ನೇತ್ರಾಲಯದವರು ಟೆಕ್ನಿಷಿಯನ್‌ಗಳಿಗೆ ಟ್ರೈನಿಂಗ್ ಕೊಟ್ಟು ಕ್ಯಾಮೆರಾ ಸಮೇತ ಊರೂರಿನ ಎನ್‌ಐಸಿಯುಗೆ ಕಳಿಸಿ ಫೋಟೋ ತರಿಸ್ಕೊಂಡು ಡಾಕ್ಟರ್ ಕೈಲಿ ನೋಡಿಸಿದ್ರು. 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ ಎರಡು ಕೆಜಿಗಿಂತ ಕಮ್ಮಿ ಇರೋ ಮಗುಗೆ ತಿಂಗಳೊಳಗೆ ರೆಟಿನಾ ನೋಡಿಸಬೇಕು ಅನ್ನೋದು ಈಗ ಎಷ್ಟೋ ನರ್ಸ್‌ಗಳ ಬಾಯಲ್ಲೇ ಇದೆ. ಆದ್ರೆ ಅಲ್ಲೂ ಒಂದು ಎಡವಟ್ಟಿದೆ. ರೆಟಿನಾ ಚೆನ್ನಾಗಿದೆ ಅಂತ ಹೇಳಿ ಕಳಿಸಿದ ದಿನ ಮನೆಯವರ ಪಾಲಿಗೆ ಕಣ್ಣಿನ ಅಧ್ಯಾಯ ಮುಗಿದುಹೋಗುತ್ತೆ, ಅದೇ ಮಗುಗೆ ಮೆದುಳಿನ ಕಡೆಯಿಂದ ನೋಟದ ತೊಂದ್ರೆ ಬರಬಹುದು, ವರ್ಷಕ್ಕೆ ಮತ್ತೆ ನೋಡಿಸಿ ಅಂತ ಯಾರೂ ಬರೆದುಕೊಡಲ್ಲ.

2013ರಿಂದ ಆರ್‌ಬಿಎಸ್‌ಕೆ ಅಂತ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ ಇದೆ, ಟೀಮು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸ್ಕೂಲಿಗೆ ಒಂದು ಸಲ ಬರಬೇಕು. ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಅಂತ ಮಕ್ಕಳ ತೊಂದ್ರೆನ ಬೇಗ ಪತ್ತೆ ಮಾಡಿ ನೋಡ್ಕೊಳ್ಳೋ ಸೆಂಟರ್, ಅದರಲ್ಲಿ ಆಪ್ಟೋಮೆಟ್ರಿಸ್ಟ್ (ದೃಷ್ಟಿ ಪರೀಕ್ಷೆ ಮಾಡೋರು) ಹುದ್ದೆನೂ ಇದೆ. ಅಂದ್ರೆ ಜಾಗ, ಜನ ಎರಡೂ ಸರ್ಕಾರಿ ಕಾಗದದಲ್ಲಿ ಇದ್ದೇ ಇದೆ. ಅಲ್ಲಿ ಒಂದು ಸೆಟ್ ಪಟ್ಟೆ ಕಾರ್ಡ್, ಚಿತ್ರದ ಚಾರ್ಟ್ ಇಟ್ಟು, ಹುಟ್ಟುವಾಗ ಮೆದುಳಿಗೆ ತೊಂದ್ರೆ ಆಗಿರೋ ಪ್ರತಿ ಮಗುಗೂ ನೋಟದ ಪರೀಕ್ಷೆ ಕಡ್ಡಾಯ ಮಾಡಿ ಅನ್ನೋದು ಆರೋಗ್ಯ ಇಲಾಖೆಗೆ ನನ್ನ ಮನವಿ. ಸರ್ಟಿಫಿಕೇಟ್ ಕಡೆನೂ ನೋಡಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಲಿ 21 ಥರದ ವೈಕಲ್ಯ ಸೇರಿಸಿದ್ರು ಸರಿ, ಆದ್ರೆ ಮಂದದೃಷ್ಟಿ ಅಂದ್ರೆ ಒಂದೋ ಚಾರ್ಟ್ ಲೆಕ್ಕದಲ್ಲಿ 6/18ಕ್ಕಿಂತ ಕೆಳಗಿರಬೇಕು, ಇಲ್ಲಾ ನೋಟದ ಅಗಲ 40 ಡಿಗ್ರಿಗಿಂತ ಕಮ್ಮಿ ಇರಬೇಕು. ಚಾರ್ಟ್ ಓದಿ ಜಾತ್ರೇಲಿ ಕಳೆದುಹೋಗೋ ಮಗು ಇದರಲ್ಲಿ ಎಲ್ಲಿ ಬರುತ್ತೆ? ಕೈಕಾಲಿನ ಪರ್ಸೆಂಟೇಜ್ ಬರೀತಾರೆ, ನೋಟದ ಕಾಲಂ ಖಾಲಿ.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಗೊತ್ತಾದ್ರೆ ಮಾಡೋಕೆ ಬೇಕಾದಷ್ಟಿದೆ. ನಾನು ಹೋಗೋ ಒಂದು ಮನೇಲಿ ಆ ಹುಡುಗಿಗೆ ಸ್ಟೀಲ್ ಲೋಟ ತೆಗೆದು ಕೆಂಪು ಪ್ಲಾಸ್ಟಿಕ್ ಲೋಟ ಕೊಟ್ವಿ, ಹಿಂದೆ ಕಪ್ಪು ಕಂಬಳಿ ಹಾಸಿದ್ವಿ, ಟೀವಿ ಆಫ್ ಮಾಡ್ಸಿದ್ವಿ, ಒಂದು ಸಲಕ್ಕೆ ಒಂದೇ ವಸ್ತು. ಈಗ ಲೋಟಕ್ಕೆ ಅವಳೇ ಕೈ ಚಾಚ್ತಾಳೆ. ಮೆದುಳು ಗುಣ ಆಯ್ತು ಅಂತ ನಾನು ಹೇಳ್ತಿಲ್ಲ, ಕಾಣೋ ಹಾಗೆ ಇಟ್ರೆ ಕಾಣುತ್ತೆ ಅಷ್ಟೇ. ಎಳೆ ವಯಸ್ಸಲ್ಲಿ ಶುರು ಮಾಡಿದಷ್ಟೂ ಒಳ್ಳೇದು.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಎರಡು ಮೂರು ತಿಂಗಳಾದ್ರೂ ಮಗು ನಿಮ್ಮ ಮುಖ ನೋಡಿ ನಗದಿದ್ರೆ, ನಾಲ್ಕು ತಿಂಗಳ ಮೇಲೂ ಕಣ್ಣು ಮೆಳ್ಳೆ ಇದ್ರೆ, ಕಣ್ಣುಗುಡ್ಡೆ ಸುಮ್ಮನೆ ಅಲುಗಾಡ್ತಿದ್ರೆ ಕಾಯಬೇಡಿ. ಮೆಳ್ಳೆಗಣ್ಣು ಅದೃಷ್ಟ ಅನ್ನೋರ ಮಾತು ಕೇಳಬೇಡಿ. ಪಾಪೆ ಬೆಳ್ಳಗೆ ಹೊಳೆದ್ರೆ, ಚೆನ್ನಾಗಿದ್ದ ಮಗುಗೆ ಇದ್ದಕ್ಕಿದ್ದ ಹಾಗೆ ಮೆಳ್ಳೆ ಬಂದ್ರೆ, ತಲೆನೋವು ವಾಂತಿ ಜೊತೆಗೆ ಎರಡೆರಡು ಕಾಣುತ್ತೆ ಅಂದ್ರೆ ಅವತ್ತೇ ಹೋಗಿ, ಅದು ಗಡ್ಡೆಯ ಲಕ್ಷಣಾನೂ ಆಗಿರಬಹುದು. ಫಿಟ್ಸಿಗೆ ವಿಗಾಬಟ್ರಿನ್ ಕೊಡ್ತಿದ್ರೆ ಅದರಿಂದ ನೋಟದ ಅಂಚು ಕಮ್ಮಿ ಆಗೋ ಸಾಧ್ಯತೆ ಇರೋದ್ರಿಂದ ಕಣ್ಣು ಚೆಕಪ್ ಯಾವಾಗ ಅಂತ ಡಾಕ್ಟರ್ ಹತ್ರ ಕೇಳಿ, ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ. ಆಸ್ಪತ್ರೆಗೆ ಹೋಗೋ ಮುಂಚೆ ಮನೇಲಿ ಮಗು ಊಟ ಮಾಡೋವಾಗ, ಆಡೋವಾಗ, ಮೆಟ್ಟಿಲ ಹತ್ರ ಇರೋವಾಗ ಮೊಬೈಲಲ್ಲಿ ಸಣ್ಣ ಸಣ್ಣ ವಿಡಿಯೋ ಮಾಡ್ಕೊಳ್ಳಿ, ಓಪಿಡಿಲಿ ಮಗು ಅತ್ತುಬಿಟ್ರೆ ಅದನ್ನಾದ್ರೂ ತೋರಿಸಬಹುದು. ಕಣ್ಣು ನಾರ್ಮಲ್ ಅಂದ್ರೆ, ಸರಿ ಸಾರ್, ಮಗುಗೆ ಏನೇನು ಕಾಣುತ್ತೆ, ಎಷ್ಟು ದೂರದಿಂದ ಕಾಣುತ್ತೆ ಅದನ್ನೂ ಚೀಟೀಲಿ ಬರೆದುಕೊಡಿ ಅಂತ ಕೇಳಿ.

ಇಂತಿ,
ಒಬ್ಬ ವಿಶೇಷ ಶಿಕ್ಷಕಿ, ಹಾಸನ ಜಿಲ್ಲೆ