40 ಲೀಟರ್ ಹಿಡಿಯದ 40 ಲೀಟರ್ ಬ್ಯಾಗು: ಹಣ ವಾಪಸು ಕೋರಿ ದೂರು

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ದೀರ್ಘ ಪ್ರವಾಸದ ಬ್ಯಾಕ್‌ಪ್ಯಾಕಿನ ತಪ್ಪು ಅಳತೆ ಮತ್ತು ನಿಮ್ಮ ವಿಭಾಗ ಕೊಟ್ಟ ಉತ್ತರ

ಮಾನ್ಯರೇ,

ನಿಮ್ಮಲ್ಲಿ ಕೊಂಡ ಬ್ಯಾಕ್‌ಪ್ಯಾಕಿನ ಬಗ್ಗೆ ಈ ಹಿಂದೆ ಬರೆದ ದೂರಿಗೆ ‘ಸಾಮಾನು ಕಡಿಮೆ ಮಾಡಿಕೊಳ್ಳಿ’ ಎಂಬ ಒಂದು ಸಾಲಿನ ಉತ್ತರ ಬಂದಿದೆ. ಸಾಮಾನು ಕಡಿಮೆ ಮಾಡಿಕೊಂಡವರಿಗೇ ಈ ಬ್ಯಾಗು ಕೈಕೊಡುತ್ತದೆ ಎಂಬುದು ನನ್ನ ದೂರು. ಹಾಗಾಗಿ ಈ ಸಲ ಟೇಪು, ತಕ್ಕಡಿ ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಮೊದಲು ತೂಕ. ಚೀಟಿಯಲ್ಲಿ 1.2 ಕಿಲೋ ಎಂದಿದೆ, ತಕ್ಕಡಿ 1.7 ತೋರಿಸುತ್ತದೆ. ಸೊಂಟದ ಪಟ್ಟಿ, ಬೆನ್ನಿನ ಭಾಗದ ಅಲ್ಯೂಮಿನಿಯಂ ಕಡ್ಡಿಗಳು, ರೇನ್ ಕವರ್ ಮೂರನ್ನೂ ಕಳಚಿಟ್ಟರೆ ಮಾತ್ರ ನಿಮ್ಮ ಲೆಕ್ಕ ಸರಿಹೋಗುತ್ತದೆ. ಕಳಚಿಟ್ಟು ಯಾರು ಹೊರುತ್ತಾರೆ? ಹೆಗಲ ಮೇಲಿನ ಭಾರದ ಬಹುಪಾಲು ಸೊಂಟಕ್ಕೆ ಇಳಿಯುವುದೇ ಆ ಪಟ್ಟಿ ಮತ್ತು ಕಡ್ಡಿಗಳಿಂದ. ಅರ್ಧ ಕಿಲೋಗೆ ಇಷ್ಟು ರಗಳೆಯೇ ಎಂದು ನಿಮಗನ್ನಿಸಬಹುದು. ಎಷ್ಟೋ ವಿಮಾನ ಸಂಸ್ಥೆಗಳು ಕ್ಯಾಬಿನ್ ಬ್ಯಾಗಿಗೆ ಬಿಡುವುದೇ 7 ಕಿಲೋ. ಬರೀ ಬ್ಯಾಗೇ ಅದರಲ್ಲಿ ಹತ್ತಿರ ಹತ್ತಿರ ಕಾಲುಭಾಗ ನುಂಗಿದರೆ, ತಿಂಗಳುಗಟ್ಟಲೆ ತಿರುಗುವವರು ಉಳಿದದ್ದರಲ್ಲೇ ಎಲ್ಲ ಹೊಂದಿಸಬೇಕು. ನೀವು ಮುಚ್ಚಿಟ್ಟ ಅರ್ಧ ಕಿಲೋ ಅಂದರೆ ಒಂದು ತೆಳು ಜಾಕೆಟ್ಟು ಮತ್ತು ಟೀ ಶರ್ಟು.

ಇನ್ನು ಗಾತ್ರ. ಇಲ್ಲಿ ತಕ್ಕಡಿಯೂ ಬೇಡ, ಗುಣಾಕಾರ ಬಂದರೆ ಸಾಕು. ಉದ್ದ 55, ಅಗಲ 35, ದಪ್ಪ 20 ಸೆಂಟಿಮೀಟರ್ ಎಂದು ನೀವೇ ಅಚ್ಚುಹಾಕಿದ್ದೀರಿ. ಗುಣಿಸಿದರೆ 38,500 ಘನ ಸೆಂಟಿಮೀಟರ್, ಅಂದರೆ 38.5 ಲೀಟರ್. ಅದೂ ಮೂಲೆಗಳು ನೆಟ್ಟಗಿರುವ ಡಬ್ಬಿಗೆ. ನಿಮ್ಮ ಬ್ಯಾಗಿನ ಮೂಲೆಗಳು ದುಂಡಗಿವೆ, ಬೆನ್ನಿಗೆ ದಪ್ಪ ಮೆತ್ತೆಯಿದೆ. ಹೊರಗಿನ ಅಳತೆಯೇ 38.5 ಆದರೆ ಒಳಗೆ 40 ಎಲ್ಲಿಂದ ಬಂತು? ಪಕ್ಕದ ಬಲೆಜೇಬುಗಳನ್ನೂ ಸೇರಿಸಿದ್ದೀರಿ ಎಂದು ನನ್ನ ಊಹೆ. ಬ್ಯಾಗಿನೊಳಗೆ ಸಣ್ಣ ಪ್ಲಾಸ್ಟಿಕ್ ಚೆಂಡುಗಳನ್ನು ತುಂಬಿ ಸಾಮರ್ಥ್ಯ ಅಳೆಯುವ, ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಎಫ್2153 ಎಂಬ ವಿಧಾನವಿದೆ. ನೀವು ಯಾವ ವಿಧಾನ ಅನುಸರಿಸಿದಿರಿ ಎಂಬುದನ್ನು ಲಿಖಿತವಾಗಿ ತಿಳಿಸಿ.

ತುಂಬಿದಾಗ ಬ್ಯಾಗಿನ ಹೊಟ್ಟೆ ಉಬ್ಬಿ ದಪ್ಪ 26 ಸೆಂಟಿಮೀಟರ್ ಆಗುತ್ತದೆ. ವಿಮಾನ ಹತ್ತುವ ಬಾಗಿಲಲ್ಲಿ ಅಳತೆಯ ಚೌಕಟ್ಟಿಗೆ ಇಳಿಯಲಿಲ್ಲ, ಚೆಕ್-ಇನ್ ಶುಲ್ಕ ಕಟ್ಟಿದೆ. ರಸೀದಿ ಲಗತ್ತಿಸಿದ್ದೇನೆ.

‘ಎಲ್ಲ ಮೈಕಟ್ಟಿಗೂ ಹೊಂದುತ್ತದೆ’ ಎಂಬುದೂ ನಿಜವಲ್ಲ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಅಳೆದು ಬ್ಯಾಗು ಆರಿಸಬೇಕು. ಆಳಿನ ಎತ್ತರ ನೋಡಿ ಅಲ್ಲ. ನಿಮ್ಮದರಲ್ಲಿ ಬೆನ್ನಿನ ಉದ್ದ ಹೊಂದಿಸಲು ದಾರಿಯೇ ಇಲ್ಲ. ನನಗೆ ಪಟ್ಟಿ ಸೊಂಟ ಬಿಟ್ಟು ಹೊಟ್ಟೆಯ ಮೇಲೆ ಕೂರುತ್ತದೆ.

ಜೊತೆಗೆ ಬಂದ ಕೈಪಿಡಿಯೋ, ಅತಿ ಭಾರದ ವಸ್ತುವನ್ನು ತಳಕ್ಕೆ ಹಾಕಿ, ಶೂಗಳನ್ನು ಹೊರಗೆ ನೇತುಹಾಕಿ ಎನ್ನುತ್ತದೆ! ಭಾರದ್ದು ಬೆನ್ನಿಗೆ ಒತ್ತಿಕೊಂಡು ಬ್ಯಾಗಿನ ಮಧ್ಯಭಾಗದಲ್ಲಿರಬೇಕು, ತಳಕ್ಕೆ ಬಟ್ಟೆಯಂಥ ಹಗುರದ್ದು. ಇದನ್ನು ಬರೆದವರು ಬ್ಯಾಗು ಹೊತ್ತು ನಡೆದಂತಿಲ್ಲ.

ನಿಮ್ಮ ಬುದ್ಧಿವಾದಕ್ಕೆ ಉತ್ತರವಾಗಿ ಹೇಳುತ್ತೇನೆ: ನಾನು ಒಯ್ದದ್ದು ಒಂದು ವಾರಕ್ಕಾಗುವ, ಬೇಗ ಒಣಗುವ ಬಟ್ಟೆ ಮಾತ್ರ. ಒಗೆದು ಮತ್ತೆ ಹಾಕಿಕೊಳ್ಳುತ್ತೇನೆ. ಭಾರದ ಶೂ ಕಾಲಲ್ಲೇ ಇತ್ತು. ಶಾಂಪೂ, ಪೇಸ್ಟು ಸಣ್ಣ ಡಬ್ಬಿಗಳಲ್ಲಿ. ಹೀಗೆ ಗ್ರಾಂ ಲೆಕ್ಕ ಹಾಕುವವರು ಚೀಟಿಯ ಅಂಕಿ ನಂಬಿಯೇ ಬ್ಯಾಗು ಕೊಳ್ಳುವುದು.

ಬ್ಯಾಗಿನ ಪೂರ್ತಿ ಹಣ ಮತ್ತು ಚೆಕ್-ಇನ್ ಶುಲ್ಕ ಎರಡನ್ನೂ ಮರಳಿಸಿ. ಎಲ್ಲ ಪಟ್ಟಿಗಳ ಸಮೇತ ತೂಗಿದ ತೂಕವನ್ನೂ, ತುಂಬಿದಾಗಿನ ಅಳತೆಯನ್ನೂ ಚೀಟಿಯಲ್ಲಿ ಅಚ್ಚುಹಾಕಿ. ಬ್ಯಾಗು ವಾಪಸು ಕಳಿಸಲು ಸಿದ್ಧನಿದ್ದೇನೆ, ಸಾಗಣೆ ವೆಚ್ಚ ನಿಮ್ಮದು. ಹದಿನೈದು ದಿನಗಳಲ್ಲಿ ಉತ್ತರ ಬರದಿದ್ದರೆ ಇದೇ ಪತ್ರ, ತಕ್ಕಡಿಯ ಫೋಟೋಗಳ ಸಮೇತ, ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತದೆ.

ಇತಿ,
ನಿಮ್ಮ ಗ್ರಾಹಕ

ಲಗತ್ತು: ಖರೀದಿ ಬಿಲ್ಲು, ಚೆಕ್-ಇನ್ ರಸೀದಿ, ಅಳತೆಯ ಫೋಟೋಗಳು