ಡೀಲ್ ಸುದ್ದಿ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಯಾವುದೋ ಕಂಪನಿ ಇನ್ನೊಂದನ್ನು ಕೊಳ್ಳುವ ಸುದ್ದಿ ಬಂದ ಕೂಡಲೇ "ಡೀಲ್ ಆಯ್ತು" ಅಂತ ಹಾಕಬೇಡಿ. ಘೋಷಣೆಯಾಗೋದೇ ಬೇರೆ, ಮುಗಿಯೋದೇ ಬೇರೆ. ಈಚೆಗೆ ಇವೆರಡರ ನಡುವೆ ರಾಜಕೀಯ ಕೂತಿರುತ್ತೆ.

ಅಮೆರಿಕದ ಉಕ್ಕಿನ ಕಂಪನಿ ಯುಎಸ್ ಸ್ಟೀಲ್ ಪ್ರಕರಣವನ್ನೇ ನೋಡಿ. ಜಪಾನಿನ ನಿಪ್ಪಾನ್ ಸ್ಟೀಲ್ ಷೇರಿಗೆ 55 ಡಾಲರ್ ಕೊಡ್ತೀನಿ ಅಂದದ್ದು 2023ರ ಡಿಸೆಂಬರ್‌ನಲ್ಲಿ. ಷೇರುದಾರರು ಒಪ್ಪಿದರು. ಆದರೆ ಮುಂದಿನದು ಚುನಾವಣೆಯ ವರ್ಷ. ಬೈಡನ್, ಟ್ರಂಪ್ ಇಬ್ಬರೂ ಬೇಡ ಅಂದರು. 2025ರ ಜನವರಿಯಲ್ಲಿ ಬೈಡನ್ ರಾಷ್ಟ್ರೀಯ ಭದ್ರತೆಯ ಹೆಸರಲ್ಲಿ ತಡೆದರು. ಜೂನ್‌ನಲ್ಲಿ ಅದೇ ಟ್ರಂಪ್ ಹೂಂ ಅಂದರು, ಸರ್ಕಾರಕ್ಕೊಂದು 'ಗೋಲ್ಡನ್ ಷೇರ್' (ಕಂಪನಿಯ ಕೆಲವು ದೊಡ್ಡ ನಿರ್ಧಾರಗಳನ್ನು ತಡೆಯುವ ಹಕ್ಕು ಕೊಡುವ ವಿಶೇಷ ಷೇರು) ಇಟ್ಟುಕೊಂಡು. ಬೆಲೆ ಮಾತ್ರ ಕೊನೆಗೂ ಅದೇ 55!

ಎಲ್ಲರಿಗೂ ಈ ಅದೃಷ್ಟ ಇರಲ್ಲ. 2018ರಲ್ಲಿ ಚೀನಾದ ಒಪ್ಪಿಗೆ ಬಾರದೆ ಅಮೆರಿಕದ ಚಿಪ್ ಕಂಪನಿ ಕ್ವಾಲ್‌ಕಾಮ್, ನೆದರ್ಲೆಂಡ್ಸ್‌ನ ಚಿಪ್ ಕಂಪನಿ ಎನ್‌ಎಕ್ಸ್‌ಪಿಯ ಖರೀದಿಯನ್ನು ಕೈಬಿಟ್ಟು ಅದಕ್ಕೆ 200 ಕೋಟಿ ಡಾಲರ್ ಶುಲ್ಕ ತೆತ್ತಿತು. ಎರಡರಲ್ಲಿ ಒಂದೂ ಚೀನಾದ್ದಲ್ಲ ಅನ್ನೋದು ತಮಾಷೆ; ಅಲ್ಲಿ ವ್ಯಾಪಾರ ಮಾಡ್ತಿದ್ದವು, ಅದಕ್ಕೇ ಒಪ್ಪಿಗೆ ಬೇಕಿತ್ತು.

ಹಾಗಾಗಿ ಈಗ ಕರಾರಿನಲ್ಲಿ ಡೀಲ್ ಮುರಿದರೆ ಕೊಡಬೇಕಾದ ಶುಲ್ಕ, ಕೊನೆಯ ಗಡುವು ಇವುಗಳ ಮೇಲೇ ಹೆಚ್ಚು ಎಳೆದಾಟ. ಆಮದು ಸುಂಕ ನಾಳೆ ಎಷ್ಟಿರುತ್ತೋ ಗೊತ್ತಿಲ್ಲದಾಗ ಕೊಳ್ಳುವವನೂ ಮಾರುವವನೂ ಒಂದೇ ಬೆಲೆಗೆ ಬರೋದು ಕಷ್ಟ. ದೊಡ್ಡ ಕಂಪನಿಗಳು ವಕೀಲರನ್ನಿಟ್ಟುಕೊಂಡು ವರ್ಷಗಟ್ಟಲೆ ಕಾಯಬಲ್ಲವು, ಚಿಕ್ಕವಕ್ಕೆ ಅಷ್ಟು ದಮ್ಮಿಲ್ಲ.

ಇನ್ನು ಮುಂದೆ ಸುದ್ದಿಯ ಜೊತೆ ಎರಡು ವಿಷಯ ಸೇರಿಸಿ: ಯಾವ ದೇಶದ ಒಪ್ಪಿಗೆ ಬಾಕಿ ಇದೆ, ಗಡುವು ಯಾವತ್ತು. ಅವಿಲ್ಲದ ಪೋಸ್ಟ್‌ಗಳನ್ನು ನಾನೇ ಅಳಿಸ್ತೀನಿ, ಬೇಜಾರು ಮಾಡ್ಕೋಬೇಡಿ.