ಆರ್ಮಡಿಲೊ ಬಿಲ ಮುಚ್ಚುವ ಮುನ್ನ

ಸದಸ್ಯರ ಗಮನಕ್ಕೆ,

ಹುಲ್ಲುಹಾಸಿನಲ್ಲಿ ಕಾಣುವ ಎರಡು ಮೂರು ಅಂಗುಲ ಆಳದ, ತಳ ಚೂಪಾದ ಗುಂಡಿಗಳು ಆರ್ಮಡಿಲೊ (ಮೈಮೇಲೆ ಅಡ್ಡಪಟ್ಟಿಗಳ ಗಟ್ಟಿ ಕವಚವಿರುವ, ಅಮೆರಿಕ ಖಂಡಗಳ ಪ್ರಾಣಿ) ಬಿಲಗಳಲ್ಲ. ಒಂಬತ್ತು ಪಟ್ಟಿಯ ಆರ್ಮಡಿಲೊ ವಾಸನೆ ಹಿಡಿದು ಜೀರುಂಡೆಯ ಮರಿಹುಳು, ಇರುವೆ, ಗೆದ್ದಲುಗಳಿಗಾಗಿ ಕೆದಕಿದ ಜಾಗಗಳವು. ಮಣ್ಣೆಳೆದು ಮುಚ್ಚಿದರೆ ಸಾಕು. ಮರಿಹುಳು ಇರುವಷ್ಟು ದಿನ ಮತ್ತೆ ಬರುತ್ತದೆ, ಅದು ಬೇರೆ ಮಾತು.

ನಿಜವಾದ ಬಿಲದ ಬಾಯಿ ಸುಮಾರು 20 ಸೆಂ.ಮೀ. ಅಗಲ. ಒಂದೇ ಪ್ರಾಣಿಗೆ ಹಲವು ಬಿಲಗಳಿರುತ್ತವೆ. ಮುಚ್ಚಲೇಬೇಕಿದ್ದರೆ ಮೊದಲು ಬಾಯಿಗೆ ಮುದುಡಿದ ಕಾಗದವನ್ನು ಸಡಿಲವಾಗಿ ತುರುಕಿ, ಎರಡು ಮೂರು ದಿನ ಕಾಯಿರಿ. ಕಾಗದ ಅಲುಗದಿದ್ದರೆ ಬಿಲ ಖಾಲಿ. ಕಡು ಚಳಿಯಲ್ಲಿ ಈ ಪರೀಕ್ಷೆಯನ್ನು ನಂಬಬೇಡಿ, ಪ್ರಾಣಿ ದಿನಗಟ್ಟಲೆ ಒಳಗೇ ಇರಬಹುದು.

ಬಿಟ್ಟುಹೋದ ಬಿಲವೂ ವ್ಯರ್ಥವಲ್ಲ. ದಕ್ಷಿಣ ಅಮೆರಿಕದ ದೈತ್ಯ ಆರ್ಮಡಿಲೊ 5 ಮೀಟರ್‌ವರೆಗೂ ತೋಡುತ್ತದೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಉಷ್ಣಾಂಶ ಹೆಚ್ಚು ಏರುಪೇರಾಗದು. ಹಾಗಾಗಿ ಓಸೆಲಾಟ್ ಕಾಡುಬೆಕ್ಕು, ಸಣ್ಣ ಇರುವೆಭಕ್ಷಕ, ಹಲ್ಲಿಗಳು ಸೇರಿ 20ಕ್ಕೂ ಹೆಚ್ಚು ಜಾತಿಗಳು ಅದನ್ನು ಬಳಸುವುದು ದಾಖಲಾಗಿದೆ. ಬಿಲದ ಬಾಯಲ್ಲಿ ಗುಡ್ಡೆಯಾದ ಮಣ್ಣಿನಲ್ಲೂ ಹುಳ ಹುಡುಕುವ ಪ್ರಾಣಿಗಳಿವೆ. ಈ ದೈತ್ಯ ಸಾಮಾನ್ಯವಾಗಿ ಹೆರುವುದು ಒಂದೇ ಮರಿ, ಆದ್ದರಿಂದ ಸಂಖ್ಯೆ ಕುಸಿದರೆ ಚೇತರಿಕೆ ಬಹಳ ನಿಧಾನ.

ಸತ್ತ ಆರ್ಮಡಿಲೊವನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಒಂಬತ್ತು ಪಟ್ಟಿಯವು ಕುಷ್ಠರೋಗದ ಬ್ಯಾಕ್ಟೀರಿಯಾ ಹೊತ್ತಿರಬಹುದು. ಇನ್ನೊಂದು: ಪೂರ್ತಿ ಚೆಂಡಿನಂತೆ ಸುತ್ತಿಕೊಳ್ಳುವುದು ಮೂರು ಪಟ್ಟಿಯವು ಮಾತ್ರ. ಒಂಬತ್ತು ಪಟ್ಟಿಯದು ಬೆದರಿದಾಗ ನೇರ ಮೇಲಕ್ಕೆ ನೆಗೆಯುತ್ತದೆ, ಹಾಗಾಗಿಯೇ ಚಕ್ರ ತಪ್ಪಿಸಿದರೂ ವಾಹನದ ತಳಕ್ಕೆ ಬಡಿದು ಸಾಯುತ್ತದೆ.